ಏಳನೇ ಸಾಲು

ಏಳನೇ ಸಾಲು ತಪ್ಪಾಗಿತ್ತು.

ವಸಂತ್ ಇನ್ನೊಮ್ಮೆ ಓದಿದ. ಕನ್ನಡಕ ಒರೆಸಿಕೊಂಡು ಓದಿದ. ತಪ್ಪು ಅಲ್ಲೇ ಕೂತಿತ್ತು. ಮೂರು ವರ್ಷದ ಹಿಂದೆ, ಎರಡು ಸಾವಿರದ ಒಂದರಲ್ಲಿ, ಪರೀಕ್ಷೆ ಮಾಡಿ ನೋಡಲೆಂದು ತಾನೇ ಹಾಕಿ, ಆಮೇಲೆ ತೆಗೆಯಲು ಮರೆತ ಸಾಲು.

ಹಲಸೂರಿನ ಆ ಗಣಕ ಕೇಂದ್ರದಲ್ಲಿ ಹದಿನಾರು ಯಂತ್ರಗಳನ್ನು ಒಟ್ಟಿಗೆ ಜೋಡಿಸಿಟ್ಟಿದ್ದರು. ಸಂಶೋಧಕರು ತಮ್ಮ ದೊಡ್ಡ ದೊಡ್ಡ ಲೆಕ್ಕಗಳನ್ನು ಹೊತ್ತು ವಿಶ್ವವಿದ್ಯಾಲಯದಿಂದ ಬರುತ್ತಿದ್ದರು. ಯಂತ್ರಗಳಿಗೆ ಕೆಲಸ ಹಂಚುವುದನ್ನು ಅವರಿಗೆ ಕಲಿಸುವುದು ವಸಂತನ ನೌಕರಿ. ಕಲಿಸುವುದೆಂದರೆ ಇವನು ಯಂತ್ರಕ್ಕೆ ಕೊಡಬೇಕಾದ ಆಜ್ಞೆಗಳ ಒಂದು ಮಾದರಿ ಹಾಳೆ ಕೊಡುವುದು, ಅವರು ಕಣ್ಣು ಮುಚ್ಚಿಕೊಂಡು ಅದನ್ನು ನಕಲು ಮಾಡುವುದು.

ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಆರಿಸಲು ಹದಿನಾರು ಯಂತ್ರಗಳೂ ತಂತಮ್ಮ ದಾಳವನ್ನು ಲಕ್ಷ ಸಲ ಉರುಳಿಸಬೇಕು. ಆಗ ಹದಿನಾರು ಉತ್ತರ ಬರುತ್ತವೆ. ಅವು ಒಂದಕ್ಕೊಂದು ಎಷ್ಟು ಹತ್ತಿರವಿದ್ದರೆ ಅಷ್ಟು ನಂಬಿಕೆ. ಹಾಳೆಯ ಏಳನೇ ಸಾಲಿನ ದೆಸೆಯಿಂದ ಎಲ್ಲ ಯಂತ್ರಗಳೂ ಒಂದೇ ದಾಳವನ್ನು ಒಂದೇ ಕ್ರಮದಲ್ಲಿ ಉರುಳಿಸುತ್ತಿದ್ದವು. ಹದಿನಾರು ಸಾಕ್ಷಿಗಳೆಂದು ಎಣಿಸಿದ್ದು ಒಬ್ಬನೇ ಸಾಕ್ಷಿ. ಆ ಒಬ್ಬನಾದರೂ ಎಂಥವನೋ.

ಈ ಹಾಳೆಯಿಂದ ನಲವತ್ತೊಂದು ಪ್ರಬಂಧಗಳು ಹುಟ್ಟಿದ್ದವು. ಉತ್ತರಗಳು ಕೂದಲೆಳೆಯಷ್ಟೂ ಆಚೀಚೆ ಆಗದಿದ್ದಾಗ ಒಬ್ಬರಿಗೂ ಅನುಮಾನ ಬರಲಿಲ್ಲ. ಬದಲಿಗೆ ಖುಷಿಯಾಯಿತು. 'ಫಲಿತಾಂಶಗಳಲ್ಲಿ ಅಪೂರ್ವ ಹೊಂದಾಣಿಕೆ ಕಂಡುಬಂದಿದೆ' ಎಂದು ಬರೆದುಕೊಂಡರು, ಡಾಕ್ಟರೇಟ್ ಪಡೆದರು, ಹೋದರು.

ಆಗ ಅವನಿಗೆ ಕಾವೇರಿಯ ನೆನಪಾಯಿತು.

ಕಾವೇರಿ ಗುಲ್ಬರ್ಗಾ ಕಡೆಯವಳು, ಇದೇ ಹಾಳೆ ನಕಲು ಮಾಡಿಕೊಂಡ ಸಂಶೋಧಕಿ. ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಅವಳ ಊರ ಹೊರಗೆ, ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಹೊಂಡವಿತ್ತು. ಅದರ ವಿಷ ನೆಲದೊಳಗೆ ಜಿನುಗಿ ಊರಿನ ಬಾವಿ ಮುಟ್ಟಲು ಎಷ್ಟು ವರ್ಷ ಬೇಕು ಎಂಬುದು ಅವಳ ಲೆಕ್ಕ. ನಲವತ್ತು ಎಂದು ಹದಿನಾರೂ ಯಂತ್ರಗಳು ಹೇಳಿದ್ದವು. ಆ ಬಾವಿಯ ನೀರನ್ನು ಅವಳ ತಾಯಿ ಸಾಬಮ್ಮ ದಿನಾ ಸೇದುತ್ತಿದ್ದಳು. ಇವತ್ತು ಮಧ್ಯಾಹ್ನ ವರದಿ ಸರಕಾರದ ಕೈ ಸೇರುತ್ತದೆ. ನಲವತ್ತು ಎಂದರೆ ಸರಕಾರ ಊರಿಗೆ ಬೇರೆ ನೀರು ತರುವ ಯೋಜನೆಯನ್ನು ಕೈಬಿಡುತ್ತದೆ.

ಸಾಲು ತೆಗೆದು ಆ ಲೆಕ್ಕವನ್ನು ಮತ್ತೆ ಓಡಿಸಿ ನೋಡಲು ಐದು ನಿಮಿಷ ಸಾಕಿತ್ತು. ಆಗಲೂ ನಲವತ್ತೇ ಬರಬಹುದಿತ್ತು. ಬರದೇ ಇರಬಹುದಿತ್ತು. ವಸಂತ್ ಓಡಿಸಲಿಲ್ಲ. ನಿರ್ದೇಶಕರ ಕೋಣೆಗೆ ಹೋದ.

"ಸರ್, ಮಾದರಿ ಹಾಳೇಲಿ ಒಂದು ಲೈನ್ ಪ್ರಾಬ್ಲಮ್ ಇದೆ."

ಮುನಿಕೃಷ್ಣಪ್ಪ ಕಡತದಿಂದ ತಲೆ ಎತ್ತಲಿಲ್ಲ. "ಎಷ್ಟು ದಿನದಿಂದ?"

"ಮೂರು ವರ್ಷ."

"ಯಾರಾದ್ರೂ ಕಂಪ್ಲೇಂಟ್ ಮಾಡಿದಾರೇನ್ರೀ?"

"ಇಲ್ಲ ಸರ್."

"ಮತ್ತೆ?" ಅವರು ಪುಟ ಮಗುಚಿದರು. "ಇವತ್ತಿನ ಟ್ರೈನಿಂಗಿಗೆ ಆ ಹುಡುಗಿ ಲೆಕ್ಕಾನೇ ಇಡಿ ಅಂದಿದ್ನಲ್ಲ. ಜೆರಾಕ್ಸ್ ಆಯ್ತಾ?"

"ಆಯ್ತು ಸರ್."

ಹೊರಗೆ ಬಂದು ಕಾರಿಡಾರಿನಲ್ಲಿ ನಿಂತ. ನೌಕರಿ ಹೋಗುತ್ತದೆಂಬ ಭಯವೇ? ಹೋದರೆ ಮನೆಯಲ್ಲೇನೂ ಒಲೆ ಆರುವುದಿಲ್ಲ. ಮಹದೇವಪುರದ ರಾಗಿ ಹೊಲದಲ್ಲಿ ಅಪ್ಪ ಮುನಿಆಂಜನಪ್ಪ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಮಗ ಏನು ಕೆಲಸ ಮಾಡುತ್ತಾನೆಂದು ಇವತ್ತಿಗೂ ಸರಿಯಾಗಿ ಕೇಳಿರಲಿಲ್ಲ. ಹಾಗಾದರೆ ಈ ಭಯ ಯಾವುದರದು? ಹುಡುಕಿದರೆ ಒಳಗೆ ಏನೂ ಸಿಗಲಿಲ್ಲ. ಅದೇ ಇನ್ನೂ ಹೆದರಿಸಿತು.

ಹನ್ನೊಂದಕ್ಕೆ ಕಾವೇರಿ ಬಂದಳು. ಕೈಯಲ್ಲಿ ಹೊಸ ರಟ್ಟಿನ ವಾಸನೆಯ ವರದಿ.

"ಸರ್, ಮೊದಲ್ನೇ ಪುಟ ನೋಡ್ರಿ."

'ಶ್ರೀ ಎಂ. ವಸಂತ್ ಅವರಿಗೆ ಕೃತಜ್ಞತೆಗಳು.' ಹಿಂದಿನ ನಲವತ್ತೊಂದರಲ್ಲೂ 'ಗಣಕ ಕೇಂದ್ರದ ಸಿಬ್ಬಂದಿ' ಎಂದಷ್ಟೇ ಇತ್ತು. ಅಚ್ಚಿನಲ್ಲಿ ತನ್ನ ಹೆಸರು ಕಂಡು ಅವನಿಗೆ ಸಂತೋಷವಾಯಿತು. ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

"ನನ್ನ ಹೆಸರು ಯಾಕೆ ಹಾಕಿದ್ರಿ?"

"ನಿಮ್ಮ ಹಾಳಿ ಇರ್ಲಿಲ್ಲಂದ್ರ ಈ ಕೆಲಸ ಎಲ್ಲಿ ಆಗ್ತಿತ್ರಿ? ನಮ್ಮವ್ವಗ ಫೋನ್ ಮಾಡಿ ಹೇಳೀನ್ರಿ, ನಲವತ್ತು ವರ್ಷ ಚಿಂತಿಲ್ಲ ಅಂತ."

"ಏನಂದ್ರು?"

"ಅಲ್ಲಿತನ ನಾ ಯಾಕ ಇರ್ತೀನಿ ಅಂತ ನಕ್ಳ್ರಿ."

"ಕಾವೇರಿ..."

"ಏನ್ರಿ ಸರ್?"

"ತಿಂಡಿ ಆಯ್ತಾ?"

ತರಬೇತಿಗೆ ಮೂವತ್ತು ಮಂದಿ ಬಂದಿದ್ದರು. ಮುನಿಕೃಷ್ಣಪ್ಪನವರು ಕಾವೇರಿಯನ್ನು ಮುಂದೆ ನಿಲ್ಲಿಸಿ ಎಲ್ಲರಿಗೂ ಪರಿಚಯಿಸಿ ಹೋದರು. ವಸಂತ್ ಹಾಳೆ ಹಂಚಿದ. ಎಲ್ಲರೂ ಸಾಲು ಸಾಲಾಗಿ ನೋಡಿ ಟೈಪ್ ಮಾಡಿದರು. ಪಕ್ಕದ ಕೋಣೆಯಲ್ಲಿ ಯಂತ್ರಗಳ ಫ್ಯಾನುಗಳು ಒಮ್ಮೆಲೇ ಜೋರಾದವು. ಪರದೆಗಳ ಮೇಲೆ ಹದಿನಾರು ಸಾಲು ಉತ್ತರ ಬಂತು: ನಲವತ್ತು, ನಲವತ್ತು, ನಲವತ್ತು.

"ಸರ್, ನನ್ದು ಬೇರೆ ಥರ ಬಂದಿದೆ."

ಕೊನೆಯ ಬೆಂಚಿನ ಅಸ್ಗರ್. ಶಿವಾಜಿನಗರದ ಒಂದು ಕಾಲೇಜಿನ ಮೇಷ್ಟ್ರು. ಯಾರೋ ಕಿಸಕ್ಕೆಂದರು. "ಭಾಯ್, ನಿಮ್ಮ ಬಾವಿನೇ ಬೇರೆ ಇರ್ಬೇಕು."

ವಸಂತ್ ಹೋಗಿ ಬಗ್ಗಿ ನೋಡಿದ. ಮೂವತ್ತೆಂಟು. ಹನ್ನೊಂದು. ಐವತ್ತೆರಡು. ಒಂಬತ್ತು. ಇಪ್ಪತ್ತೇಳು. ಆರು. ಟೈಪ್ ಮಾಡುವಾಗ ಅಸ್ಗರ್ ಏಳನೇ ಸಾಲನ್ನು ಬಿಟ್ಟಿದ್ದ. ಆ ಕೋಣೆಯಲ್ಲಿ ಅದೊಂದೇ ಲೆಕ್ಕ ಸರಿಯಾಗಿತ್ತು: ನಲವತ್ತನ್ನು ನಂಬುವಂತಿಲ್ಲ, ಆರೇ ವರ್ಷವೂ ಆಗಬಹುದು.

ಕಾವೇರಿ ಯಾವಾಗಲೋ ಹಿಂದೆ ಬಂದು ನಿಂತಿದ್ದಳು.

"ಆರು ಯಾಕ ಬಂತ್ರಿ ಸರ್?" ಅವಳ ದನಿ ಇಳಿದಿತ್ತು.

ಹೇಳಿಬಿಡು ಎಂದು ಒಳಗೆ ಯಾರೋ ಗೋಗರೆದರು. ಅವನು ಬಾಯಿ ತೆರೆದ.

"ಒಂದು ಲೈನ್ ಬಿಟ್ಟೋಗಿದೆ. ಅಷ್ಟೇ."

ಅದು ಸುಳ್ಳೂ ಅಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ, ಅಸ್ಗರನ ಹೆಗಲ ಮೇಲಿಂದ ಕೈ ಚಾಚಿ ಏಳನೇ ಸಾಲನ್ನು ಟೈಪ್ ಮಾಡಿದ. ಹಾಳೆ ನೋಡಬೇಕಾಗಲಿಲ್ಲ. ಗುಂಡಿ ಒತ್ತಿದ.

ನಲವತ್ತು. ನಲವತ್ತು. ನಲವತ್ತು.

"ಅಬ್ಬಾ, ಸರಿಹೋಯ್ತು," ಎಂದ ಅಸ್ಗರ್.

"ಜೀವ ಹೋದಂಗ ಆಗಿತ್ರಿ," ಎಂದು ನಕ್ಕು ಕಾವೇರಿ ಚೀಲ ಹೆಗಲಿಗೇರಿಸಿಕೊಂಡಳು. "ಬರ್ತೀನ್ರಿ ಸರ್, ಲೇಟಾತು." ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಇಳಿಯುತ್ತಾ ಹೋಯಿತು.

ಕೋಣೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ವಸಂತ್ ಕಿಟಕಿಗೆ ಬಂದ. ಕೆಳಗೆ ಬಸ್ ಸ್ಟಾಪಿನಲ್ಲಿ ಅವಳು ವರದಿಯನ್ನು ಎದೆಗವಚಿಕೊಂಡು ನಿಂತಿದ್ದಳು, ಕೂಗಿದರೆ ಕೇಳುವಷ್ಟು ಹತ್ತಿರ. ಬಸ್ಸು ಇನ್ನೂ ಬಂದಿರಲಿಲ್ಲ. ಕೂಗಬೇಕೆಂದು ಅವನು ಉಸಿರೆಳೆದುಕೊಂಡ. ಆಗ ಕಣ್ಣು ತಗ್ಗಿಸಿ ನೋಡಿದರೆ ತನ್ನ ಕೈಗಳೆರಡೂ ಚಪ್ಪಾಳೆ ತಟ್ಟುತ್ತಿದ್ದವು, ಆ ಮೂವತ್ತು ಮಂದಿಯ ಜೊತೆ, ಒಂದೇ ಸಮನೆ.