ಗೋಡೆಯ ಮೇಲಿನ ಹನಿ

ಅತ್ತಿಗೆ ಬಾಟಲಿ ಅದುಮಿದಳು, ನೀರು ತುಂತುರಾಗಿ ಹರಡಿತು, ಸಣ್ಣ ಹನಿಗಳು ಕಿಟಕಿಯ ಬೆಳಕಿನಲ್ಲಿ ತೇಲಿದವು, ದಪ್ಪನೆಯವು ನೇರ ಅಂಗಿಯ ಮೇಲೆ ಬಿದ್ದವು — ನಾದಿನಿ ನೋಡುತ್ತ ನಿಂತುಬಿಟ್ಟಳು, ಏನೇ, ನೀರು ದಿಟ್ಟಿಸ್ತಾ ನಿಂತ್ರೆ ಅಂಗಿ ತಾನೇ ಇಸ್ತ್ರಿ ಆಗುತ್ತಾ, ಅಂದಳು ಅತ್ತಿಗೆ, ನಾದಿನಿ ನಕ್ಕಳು, ನಗು ತುಟಿಯಲ್ಲೇ ಉಳಿಯಿತು, ಇಲ್ಲೂ ಹನಿ, ಅಲ್ಲೂ ಹನಿ, ಆಫೀಸಿನಲ್ಲಿ ಕಂಪ್ಯೂಟರಿನೊಳಗೆ ಕಟ್ಟಿದ ಎಂಜಿನ್ನಿನಲ್ಲಿ ಡೀಸೆಲ್ ಹನಿಗಳನ್ನು ಗಾಳಿಯ ಸುಳಿಗೆ ಬಿಟ್ಟು, ಎಷ್ಟು ಆವಿಯಾಯಿತು, ಎಷ್ಟು ಉರಿಯಿತು ಎಂದು ಲೆಕ್ಕ ಹಾಕುವುದೇ ಅವಳ ಕೆಲಸ, ಸುಳಿಯೋ ಹೇಳಿದ ಮಾತು ಕೇಳುವ ಜಾತಿಯಲ್ಲ, ಒಂದರ ಹೊಟ್ಟೆಯಲ್ಲಿ ಇನ್ನೊಂದು, ಅದರ ಹೊಟ್ಟೆಯಲ್ಲಿ ಮತ್ತೊಂದು, ಲೆಕ್ಕ ಮುಗಿಯುವುದೇ ಇಲ್ಲ, ಅದಕ್ಕೇ ಹೋದ ವಾರ, ಹನಿ ಹರಡೋ ಚಿತ್ರ ಆಯ್ತೇನಮ್ಮ ಎಂದು ಆಫೀಸಿನ ಸಾಹೇಬರು ಮತ್ತೆ ಮತ್ತೆ ಕೇಳಿದಾಗ, ಹನಿಗೆ ಹನಿ ಡಿಕ್ಕಿ ಹೊಡೆದು ಒಂದಾಗುವ ಲೆಕ್ಕದ ಭಾಗವನ್ನು ಆಫ್ ಮಾಡಿಬಿಟ್ಟಿದ್ದಳು, ಎಲ್ಲರೂ ಮಾಡುತ್ತಾರೆ, ಆಮೇಲೆ ಹಾಕಿದರಾಯಿತು — ಚಿತ್ರ ಹೂವಿನ ಹಾಗೆ ಬಂತು, ಸಾಹೇಬರು ಮೆಚ್ಚಿದರು, ಅದನ್ನು ನಂಬಿ ಇವತ್ತು ಪಿಸ್ಟನ್ನಿನ ಅಚ್ಚು ಕೊರೆಯುತ್ತಾರೆ, ಕೊರೆದ ಉಕ್ಕನ್ನು ಮತ್ತೆ ಅಂಟಿಸಲಾದೀತೇ, ನಿನ್ನೆ ಆ ಭಾಗ ಹಾಕಿ ಲೆಕ್ಕವನ್ನು ಓಡಲು ಬಿಟ್ಟು ಬಂದಿದ್ದಳು, ಬೆಳಗ್ಗೆ ಮೊಬೈಲಿನಲ್ಲಿ ನೋಡಿದರೆ ಹನಿಗಳು ಕೂಡಿ ದಪ್ಪಗಾಗಿ, ಸುಳಿಗೂ ಬಗ್ಗದೆ ಹೋಗಿ ಪಿಸ್ಟನ್ನಿನ ಗೋಡೆಗೆ ಬಡಿದಿವೆ, ಗೋಡೆಯ ಮೇಲೊಂದು ಹನಿ, ಉರಿಯದೆ, ಮಸಿಯಾಗಲು ಕಾಯುತ್ತ, ಅದಾದರೂ ನಿಜವೋ, ಸಂಜೆ ಕಾಲೇಜಿನಲ್ಲಿ ಓದಿದವಳು ತಾನು, ಹಗಲು ಓದಿದವರಿಗೆ ಗೊತ್ತಿರುವ ಯಾವುದೋ ಒಂದು ತನಗೆ ತಪ್ಪಿಹೋಗಿರಬಹುದು, ಕುಂಬಳಕಾಯಿ ಕಳ್ಳ ಅಂದರೆ ಸಾಕು, ಕದಿಯದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ್ಮ, ಮತ್ತೆ ತೆರೆದು ನೋಡಿದಳು, ಗೋಡೆಯ ಮೇಲೆ ಅದೇ ಹನಿ.

ಅತ್ತಿಗೆ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು, ಹೇಳೋದೇನಾದ್ರೂ ಇದ್ರೆ ಹೇಳಿಬಿಡು, ಹೊಟ್ಟೇಲಿ ಇಟ್ಕೊಂಡು ಸಾಯಬೇಡ — ಯಾರಿಗೆ ಎಂದು ಕೇಳಲೂ ಇಲ್ಲ, ನಾದಿನಿ ಸಾಹೇಬರ ನಂಬರು ಒತ್ತಿದಳು, ಅತ್ತ ಫೋನ್ ರಿಂಗಾಗುತ್ತಿದೆ, ಈಗಲೂ ಕಟ್ ಮಾಡಬಹುದು, ಸಾಹೇಬರು ಎತ್ತಿದರು, ಸರ್, ಅಚ್ಚು ಇವತ್ತು ಕೊರೆಸಬೇಡಿ, ಹನಿ ಕೂಡೋದನ್ನ ನಾನು ಆಫ್ ಮಾಡಿದ್ದೆ, ಹಾಕಿದ್ರೆ ಗೋಡೆ ಒದ್ದೆ ಆಗ್ತಿದೆ. ಚಿತ್ರ ಅಷ್ಟು ಚೆನ್ನಾಗಿತ್ತಲ್ಲಮ್ಮ, ಅಂದರು ಸಾಹೇಬರು. ಚೆನ್ನಾಗಿತ್ತು ಸರ್, ಅದಕ್ಕೇ ನಾನೂ ನಂಬಿಬಿಟ್ಟೆ. ಅವರು ಅತ್ತ ತಿರುಗಿ ಯಾರಿಗೋ ನಿಲ್ಲಿಸಯ್ಯ ಅಂದರು, ಫೋನಿನೊಳಗೆ ಗುಂಯ್‌ಗುಡುತ್ತಿದ್ದ ಯಂತ್ರ ನಿಧಾನವಾಗಿ ಸುಮ್ಮನಾಯಿತು, ಇನ್ನೂ ಉಕ್ಕು ಮುಟ್ಟಿಲ್ಲ, ಬಾ, ಬಂದು ಆ ಗೋಡೆ ತೋರಿಸು, ಅಂದರು, ಬೈಗುಳವೂ ಅಲ್ಲ, ಶಹಬ್ಬಾಸೂ ಅಲ್ಲ, ಎದೆ ಹಗುರಾಗಬೇಕಿತ್ತು, ಆಗಲಿಲ್ಲ, ತೋರಿಸಬೇಕು, ಎಲ್ಲರೆದುರು ನಿಂತು ತೋರಿಸಬೇಕು, ಆ ಗೋಡೆ, ಗೋಡೆಯ ಮೇಲೆ ಒಂದು ಹನಿ — ಆರದು, ಉರಿಯದು, ಜಾರದು.