ಗಫೂರಾಕನ ಬಗ್ಗೆ ಐದು ಪುಟ

ಸೌದಿಯ ಅಲ್ ಅಹ್ಸಾದ ತೋಟದ ಬಾವಿಗಳಿಂದ ನಮ್ಮ ಪ್ರಯೋಗಾಲಯಕ್ಕೆ ಹತ್ತೊಂಬತ್ತು ವರ್ಷ ನೀರಿನ ಮಾದರಿ ತಂದುಕೊಟ್ಟ ಚಾಲಕ ಅಬ್ದುಲ್ ಗಫೂರ್, ನಮಗೆಲ್ಲ ಗಫೂರಾಕ, ಮಾರ್ಚ್‌ನಲ್ಲಿ ತೀರಿಕೊಂಡರು. ಊರಿನಿಂದ ಅವರ ಮಗಳು ಜಸ್ನಾ ನನಗೊಂದು ಧ್ವನಿಸಂದೇಶ ಕಳಿಸಿದಳು. ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದದ್ದಕ್ಕೆ ಜನವರಿಯಲ್ಲಿ ಅಪ್ಪ ಫೋನಿನಲ್ಲೇ ಬೈದಿದ್ದರಂತೆ. ಆಮೇಲೆ ಆ ಮಾತೇ ಎತ್ತಲಿಲ್ಲ. ಸಿಟ್ಟಿನಲ್ಲೇ ಹೋದರೇ? ಜೊತೆಗಿದ್ದವರು ನೆನಪಿರುವುದನ್ನು ಬರೆದು ಕಳಿಸಬಹುದೇ?

ಮೊದಲು ನಾನೇ ಒಂದು ಪುಟ ಬರೆದು, ಮಾದರಿಗಿರಲಿ ಎಂದು ಪ್ರಯೋಗಾಲಯದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ವಾರದಲ್ಲಿ ಇನ್ನೂ ನಾಲ್ಕು ಪುಟ ಬಂದವು. ಐದೂ ಒಂದಕ್ಕೊಂದು ಹೊಂದುತ್ತಿದ್ದವು. ಐದರಲ್ಲೂ ಕೊನೆಯ ಸಾಲು ಮಗಳ ಮೇಲಿನ ಸಿಟ್ಟು. ಕಳಿಸುವ ಮೊದಲು ಸಹೋದ್ಯೋಗಿ ಜ್ಯೋತ್ಸ್ನಾಗೆ ತೋರಿಸಿದೆ. ಮಂಗಳೂರಿನ ಕ್ರೈಸ್ತಳಾದ ಅವಳು ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳ ಇತಿಹಾಸವನ್ನು ಆನ್‌ಲೈನಿನಲ್ಲಿ ಓದುತ್ತಿದ್ದಳು.

"ಐದು ಸಾಕ್ಷಿ ಅಂತ ಖುಷಿ ಪಡ್ಬೇಡಿ ಮಾರಾಯ್ರೆ. ಒಂದೇ ಬಾಟ್ಲಿಯ ನೀರು ಐದು ಲೋಟಕ್ಕೆ ಹೊಯ್ದದ್ದು ಇದು. ಮತ್ತಾಯ, ಲೂಕ ಇಬ್ರೂ ಮಾರ್ಕನ ಬರಹ ಎದುರಿಗಿಟ್ಕೊಂಡು ಬರೆದ್ರು ಅಂತ ತುಂಬ ವಿದ್ವಾಂಸರು ಹೇಳ್ತಾರೆ. ಹೇಗೆ ಗೊತ್ತಾಯ್ತು? ಹೀಗೇ, ಸಾಲಿಗೆ ಸಾಲು ಕೂಡ್ತದೆ. ಆದ್ರೆ ಅವ್ರು ಬೇರೆ ಕಡೆ ಸಿಕ್ಕಿದ್ದನ್ನೂ ಸೇರಿಸಿದ್ರು. ನಿಮ್ಮವ್ರು ಎಂತ ಸೇರಿಸಿದ್ದಾರೆ? ರುಜು ಮಾತ್ರ!"

"ಮಾರ್ಕನಿಗೆ ಎಲ್ಲಿಂದ ಸಿಕ್ಕಿತು?"

"ಯೇಸುವಿನ ಶಿಷ್ಯ ಪೇತ್ರನ ನೆನಪು ಕೇಳಿ ಬರೆದದ್ದಂತೆ. ಆದ್ರೆ ನಡೆದ ಕ್ರಮದಲ್ಲಿ ಅಲ್ಲ ಅಂತ ಹಳಬರೇ ಹೇಳಿದ್ದಾರೆ."

ಕ್ರಮ! ತಾರೀಖು ಗೊತ್ತಿಲ್ಲದ ಸಂಗತಿಗಳನ್ನು ಕೊನೆಗೆ ಹಾಕುವುದು ನನ್ನ ಅಭ್ಯಾಸ. ಗಫೂರಾಕ ನನ್ನೆದುರು ಮಗಳ ಮೇಲೆ ಗೊಣಗಿದ್ದು ಯಾವಾಗೆಂದು ನೆನಪಿರಲಿಲ್ಲ; ಸಿಟ್ಟು ಕೊನೆಗೆ ಬಂದದ್ದು ಅಷ್ಟಕ್ಕೇ. ನನ್ನ ಊಹೆ ಈಗ ಐದು ಜನರ ಸಾಕ್ಷ್ಯವಾಗಿತ್ತು.

ಮರುದಿನ, ಪುಟ ಬರೆದ ನಾಲ್ವರಲ್ಲೊಬ್ಬನಾದ ಚಾಲಕ ಫಾರೂಕನನ್ನು ಕೂರಿಸಿ, ಕಾಗದ ಕೊಡದೆ, ಗಫೂರಾಕ ಸಿಟ್ಟಿನಲ್ಲೇ ಹೋದರೇ ಎಂದು ಬಾಯಲ್ಲೇ ಕೇಳಿದೆ.

"ಸಿಟ್ಟಾ? ಅದು ಹಳೇ ಕತೆ ಸರ್. ಫೆಬ್ರವರಿಯಲ್ಲಿ ಇಕಾಮಾ ಪರ್ಮಿಟ್ ರಿನ್ಯೂ ಆದ ದಿನ ಪೆಟ್ರೋಲ್ ಬಂಕಲ್ಲಿ ಚಾ ಕುಡಿಸಿ ಹೇಳಿದ್ರು. ಅವಳು ಓದ್ಲಿ, ರಜೆಗೆ ಹೋಗಿ ಮುಖ ನೋಡಿಯೇ ಹೇಳ್ತೇನೆ, ಫೋನಲ್ಲಿ ಬೇಡ ಅಂತ."

"ಇದನ್ನೇಕಯ್ಯಾ ಬರೆಯಲಿಲ್ಲ?"

"ನೀವು ದೊಡ್ಡವ್ರು ಬರೆದಾಗಿತ್ತಲ್ಲ. ಅದರ ಮೇಲೆ ನಾವೆಂತ ಬರೆಯೋದು?"

ಇನ್ನೊಂದು ಪುಟ ಬರೆದಿದ್ದ ಗೋದಾಮಿನ ರಝಾಕನನ್ನು ಬೇರೆಯಾಗಿ ಕೇಳಿದೆ. ಅವನ ಪ್ರಕಾರ ಗಫೂರಾಕ ಆ ಮಾತಾಡಿದ್ದು ಖುಬ್ಜ್ ರೊಟ್ಟಿಯ ಅಂಗಡಿ ಮುಂದೆ. ಚಾ ಇಲ್ಲ. "ಮಗಳನ್ನು ಕಾಲೇಜಿಗೆ ನಾನೇ ಬಿಟ್ಟು ಬರ್ತೇನೆ, ನೋಡ್ತಿರು ಅಂದ್ರು. ಜಂಬ ನೋಡ್ಬೇಕಿತ್ತು ಅವ್ರದ್ದು!"

ಎರಡನ್ನೂ ಹೊಂದಿಸಿ ಒಂದು ಶುದ್ಧ ಪ್ರತಿ ಮಾಡಲು ಕುಳಿತೆ. ಜ್ಯೋತ್ಸ್ನಾ ಬಿಡಲಿಲ್ಲ. "ನಾಲ್ಕು ಸುವಾರ್ತೆ ಹೊಲಿದು ಒಂದು ಮಾಡಿದವ್ರೂ ಇದ್ರು. ಆದ್ರೂ ನಾಲ್ಕೂ ಉಳೀತು."

ನನ್ನ ಪುಟದ ಕೊನೆಯ ಸಾಲನ್ನು ಹೊಡೆದುಹಾಕಿ, ಕ್ರಮ ನನ್ನ ಊಹೆಯಾಗಿತ್ತೆಂದು ಬರೆದೆ. ಕೆಳಗೆ ಇಬ್ಬರ ಮಾತನ್ನೂ ಹೇಳಿದ ಹಾಗೆಯೇ ಸೇರಿಸಿ ಜಸ್ನಾಗೆ ಕಳಿಸಿದೆ.

ಸಂಜೆ ಜಸ್ನಾ ಫೋನ್ ಮಾಡಿದಳು. ಮೂಗೆಳೆದುಕೊಂಡು ಕೇಳಿದಳು: "ಬಂಕಾ, ರೊಟ್ಟಿ ಅಂಗಡಿಯಾ ಸರ್?"

"ಗೊತ್ತಿಲ್ಲಮ್ಮ."

"ಎರಡು ಕಡೆಯೂ ಹೇಳಿರ್ತಾರೆ. ಅವ್ರಿಗೆ ಹೊಟ್ಟೆಯಲ್ಲಿ ಮಾತು ನಿಲ್ತಿರಲಿಲ್ಲ." ಅವಳು ನಕ್ಕಳು. "ಇಬ್ಬರ ನಂಬರೂ ಕೊಡಿ ಸರ್, ನಾನೇ ಕೇಳ್ತೇನೆ. ಸೋಮವಾರ ಅಡ್ಮಿಶನ್ನಿಗೆ ಹೋಗುವ ಮೊದಲು."