ಅಳಿಸಿದ ಇಪ್ಪತ್ತೆರಡು ನಿಮಿಷ

"ಹೆಬ್ಬೆಟ್ಟು ಒತ್ತೋಕೆ ನಿಂಗೆ ಮುಹೂರ್ತ ಬೇಕೇನೇ, ದರಿದ್ರ ಮುಂಡೇದೆ?"

ಸರ್ಕಾರಿ ಟೀವಿ ಕೇಂದ್ರದ ಸಾಹೇಬರು ಕಾಗದವನ್ನು ಅವಳ ಮುಖಕ್ಕೆ ಹಿಡಿದರು. ಹನ್ನೊಂದು ವರ್ಷದಿಂದ ಅವಳು ನೆಲಮಾಳಿಗೆಯಲ್ಲಿ ಹಳೇ ಟೇಪು ಅಳಿಸುವ ಆಳು. ಓದು ಬಾರದು, ಅಂಕಿ ಗೊತ್ತು. ಸಾಹೇಬರು ಬಾಯಲ್ಲಿ ನಂಬರು ಹೇಳುತ್ತಾರೆ. ಅವಳು ಆ ಟೇಪನ್ನು ಯಂತ್ರದ ಮೇಲೆ ಎರಡು ಸುತ್ತು ತಿರುಗಿಸುತ್ತಾಳೆ. ಟೇಪಿನೊಳಗಿದ್ದವರು ಸದ್ದಿಲ್ಲದೆ ಅಳಿಸಿಹೋಗುತ್ತಾರೆ.

ಹೋದ ತಿಂಗಳು ನಾನೂರ ಹದಿನೇಳನೇ ನಂಬರಿನ ಟೇಪನ್ನೂ ಹಾಗೇ ತಿರುಗಿಸಿದ್ದಳು. ಅದರೊಳಗೆ ಅವಳ ತಮ್ಮನಿದ್ದ. ಅದು ಗೊತ್ತಾದದ್ದು ಈಗ, ಸಾಹೇಬರ ಬಾಯಿಂದ.

ಚರಂಡಿಗೆ ಇಳಿಯುವವರ ಬಗ್ಗೆ ಮಾಡಿದ ಕಾರ್ಯಕ್ರಮ. ಇಪ್ಪತ್ತೆರಡು ನಿಮಿಷ ಅವನೊಬ್ಬನೇ ಮಾತಾಡಿದ್ದನಂತೆ. ಅದಾದ ಒಂಬತ್ತನೇ ದಿನ ಗುಂಡಿಯೊಳಗೇ ಪ್ರಾಣ ಬಿಟ್ಟ. ಸರ್ಕಾರ ಕಾರ್ಯಕ್ರಮವನ್ನು ತಡೆಯಿತು. ತಡೆದದ್ದು ತಪ್ಪು, ಇವತ್ತು ರಾತ್ರಿ ಎಂಟಕ್ಕೆ ತೋರಿಸಲೇಬೇಕು ಎಂದು ನಿನ್ನೆ ಕೋರ್ಟು ಹೇಳಿತ್ತು.

"ಕೈತಪ್ಪಿ ನಾನೇ ಅಳಿಸ್ದೆ ಅಂತ ಬರ್ದಿದೆ. ಒತ್ತು, ಕೆಲಸ ಉಳಿಯುತ್ತೆ."

"ಅಳ್ಸು ಅಂದೋರು ನೀವು, ಸಾರ್."

"ಸಾಕ್ಷಿ ಯಾರೇ? ನಿನ್ ಸತ್ತ ತಮ್ಮನಾ?"

ಪಕ್ಕದಲ್ಲಿ ನಿಂತಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಹೊರಗೆ ನಡೆದಳು.

"ನಾಳೆ ಈ ಬಾಗ್ಲಿಗೆ ಬಾ, ಕಾಲು ಮುರೀತೀನಿ!" ಹಿಂದಿನಿಂದ ಸಾಹೇಬರು ಕೂಗಿದರು.

ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋರ್ಟಿನ ಸುದ್ದಿ ಕೇಳಿ ಓಣಿಗೆ ಓಣಿಯೇ ಬಂದು ಟೀವಿ ಮುಂದೆ ಕೂತಿತ್ತು.

"ಬಂದ್ಯಾ?" ಅಂದಳು ಅಮ್ಮ. "ನಿನ್ ತಮ್ಮ ಬಾಯ್ಬಿಟ್ರೆ ಸುಳ್ಳು. ಇವತ್ತು ಏನ್ ಬುರುಡೆ ಬಿಡ್ತಾನೋ ನೋಡ್ಬೇಕು."

"ಮುಖಾನಾದ್ರೂ ತೊಳ್ಕೊಂಡು ಕೂತಿದ್ನೋ ಇಲ್ವೋ ಬಡ್ಡಿಮಗ!" ಎಂದ, ಅವನ ಜೊತೆ ಗುಂಡಿಗೆ ಇಳಿಯುತ್ತಿದ್ದವನು. ಎಲ್ಲರೂ ನಕ್ಕರು.

ಎಂಟಾಯಿತು. ತೆರೆ ತುಂಬ ಬೂದು. ಸುಯ್ಯೆನ್ನುವ ಸದ್ದು. ಕೋರ್ಟಿನ ಮಾತು ಮೀರಿದಂತಾಗಬಾರದೆಂದು ಕೇಂದ್ರದವರು ಅಳಿಸಿದ ಟೇಪನ್ನೇ ಹಾಕಿದ್ದರು.

"ಈಗ ಬರ್ತಾನೆ, ಇರಿ," ಎಂದಳು ಅಮ್ಮ.

ಐದು ನಿಮಿಷ ಹೋಯಿತು. ಹತ್ತು ಹೋಯಿತು. ಯಾರೂ ಏಳಲಿಲ್ಲ. ಆ ಬೂದಿನೊಳಗೆ ಯಾರೋ ಕೆಮ್ಮಿದಂತೆ ಅವಳಿಗೆ ಕೇಳಿಸಿತು. ಎದ್ದು, ತೆರೆಗೆ ಬೆನ್ನು ಕೊಟ್ಟು ನಿಂತಳು.

"ಅವ್ನು ಬರಲ್ಲ. ನಾನೇ ಅಳ್ಸಿದ್ದು, ಕೈಯಾರೆ. ಅವ್ನು ಅಂತ ಗೊತ್ತಿರ್ಲಿಲ್ಲ. ಅಳ್ಸು ಅಂದಿದ್ದು ಆ ಸಾಹೇಬ. ಇಲ್ಲೂ ಹೇಳ್ತೀನಿ, ನಾಳೆ ಕೋರ್ಟಲ್ಲೂ ಹೇಳ್ತೀನಿ."

ಅಮ್ಮ ಕತ್ತು ಚಾಚಿ, ಅವಳ ಪಕ್ಕದಿಂದ ತೆರೆಯನ್ನೇ ನೋಡುತ್ತಿದ್ದಳು.

"ಸ್ವಲ್ಪ ಸರಿಯೇ ಆಚೆ. ಅವ್ನು ಕಾಣ್ತಿಲ್ಲ."